ಇಂದಿನ ಧಮ್ಮ ಚಿಂತನೆ: ಒಬ್ಬರೇ ಹೊರಟ ಭಿಕ್ಷು





ಹಳಿಯಾಳ ಕಡೆಯ ನಮ್ಮ ಬಳಗದ ತಂಗಿಯೊಬ್ಬಳು ಬರುವ ತಿಂಗಳು ಶ್ರೀಲಂಕೆಗೆ ಹೊರಟಿದ್ದಾಳೆ. ಅನುರಾಧಪುರದ ಬೋಧಿವೃಕ್ಷ ನೋಡಬೇಕು, ಕ್ಯಾಂಡಿಗೆ ಹೋಗಬೇಕು, ಅಲ್ಲಿಯ ಬಸ್ಸು ರೈಲು ಹಿಡಿದು ಊರೂರು ಸುತ್ತಬೇಕು ಎಂಬ ಆಸೆ. ಟೂರಿನವರ ಗುಂಪಿಲ್ಲ, ಗೆಳತಿಯರಿಲ್ಲ. ಬೆನ್ನಿಗೊಂದು ಚೀಲ, ಅಷ್ಟೇ. ಅವರ ಮನೆತನದಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲಿಗಳು ಅವಳು. ಕಳೆದ ರವಿವಾರ ಬುದ್ಧವಂದನೆ ಮುಗಿದ ಮೇಲೆ ಈ ಸುದ್ದಿ ಹೊರಬಿತ್ತು. ಹಿರಿಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಜೊತೆಗೆ ಯಾರಿದ್ದಾರೆ ಎಂದು.

ಮರುದಿನ ಅವಳ ತಾಯಿ ನನಗೆ ಫೋನ್ ಮಾಡಿದರು. ಮಗಳಿಗೆ ಬುದ್ಧಿ ಹೇಳಲಿ ಎಂದು ಮಾಡಿದರೋ, ತಮಗೆ ಧೈರ್ಯ ಹೇಳಲಿ ಎಂದು ಮಾಡಿದರೋ ನನಗೆ ತಿಳಿಯಲಿಲ್ಲ. ಎರಡೂ ಇದ್ದೀತು. ಬಾಬಾಸಾಹೇಬರು 1913ರಲ್ಲಿ, 22ನೇ ವಯಸ್ಸಿನಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ ಕಥೆಯನ್ನು ನಾವು ಎಷ್ಟೋ ಸಲ ಓದಿದ್ದೇವೆ, ಆ ತಾಯಿಗೂ ಅದು ಬಾಯಿಪಾಠ. ಹಾಗಾಗಿ ಇವತ್ತು ಬೇರೆ ಒಬ್ಬರ ಕಥೆ. ಶಾಲೆಯ ಇತಿಹಾಸ ಪುಸ್ತಕದಲ್ಲಿ ನಾವೆಲ್ಲ ಹೆಸರು ಓದಿ, ಐದು ಅಂಕಕ್ಕೆ ಉತ್ತರ ಬರೆದು ಮರೆತವರು. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಬಾಬಾಸಾಹೇಬರು ತಮ್ಮ ಗ್ರಂಥದಲ್ಲಿ ಯುವಾನ್ ಚ್ವಾಂಗ್ ಎಂದು ಬರೆದದ್ದು ಇವರನ್ನೇ.

ಹರ್ಷವರ್ಧನನ ಆಸ್ಥಾನಕ್ಕೆ ಬಂದ, ನಳಂದಾದಲ್ಲಿ ಓದಿದ, ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಎಂದು ಪುಸ್ತಕ ಹೇಳುತ್ತದೆ. ಬಂದದ್ದು ಹೇಗೆ ಎಂಬುದನ್ನು ಹೇಳುವುದಿಲ್ಲ. ಅವರು ಬಂದದ್ದು ಕಳ್ಳತನದಿಂದ.

ಹುಟ್ಟಿದ್ದು ಕ್ರಿ.ಶ. 600ರ ಸುಮಾರಿಗೆ, ಲೊಯಾಂಗ್ ನಗರದ ಹತ್ತಿರದ ಹಳ್ಳಿಯಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಕಿರಿಯವರು. ತಂದೆ ಕನ್ಫ್ಯೂಷಿಯಸ್ ಪಂಥದ ವಿದ್ವಾಂಸ. ಎರಡನೆಯ ಅಣ್ಣ ಮೊದಲೇ ಭಿಕ್ಷುವಾಗಿದ್ದ, ಹುಡುಗ ಆ ಅಣ್ಣನ ಬೆನ್ನು ಹತ್ತಿ ವಿಹಾರಕ್ಕೆ ಹೋದ. ಭಿಕ್ಷುಗಳನ್ನು ಆರಿಸುವ ಸರ್ಕಾರಿ ಅಧಿಕಾರಿ ಬಂದಾಗ ಇವನಿಗೆ ವಯಸ್ಸು ಸಾಲದು. ಆದರೂ ಬಾಗಿಲ ಬಳಿ ನಿಂತೇ ಇದ್ದ. ಅಧಿಕಾರಿ ಮಾತಾಡಿಸಿ, ಹುಡುಗನ ಉತ್ತರ ಮೆಚ್ಚಿ ಸೇರಿಸಿಕೊಂಡ. ಆಗ ವಯಸ್ಸು 13.

ಆಮೇಲೆ ರಾಜವಂಶ ಉರುಳಿತು, ದೇಶದಲ್ಲಿ ಯುದ್ಧ, ಹಸಿವು. ಅಣ್ಣ ತಮ್ಮ ಇಬ್ಬರೂ ತಪ್ಪಿಸಿಕೊಂಡು ದೂರದ ಚೆಂಗ್ದು ನಗರ ಸೇರಿದರು. ತಮ್ಮನಿಗೆ ಅಲ್ಲಿ 622ರಲ್ಲಿ ಉಪಸಂಪದಾ ಆಯಿತು. ಅಲ್ಲಿಯ ಗುರುಗಳಲ್ಲಿದ್ದದ್ದನ್ನೆಲ್ಲ ಕಲಿತ ಮೇಲೆ ಮುಂದೆ ಹೋಗಬೇಕೆಂದರು. ಅಣ್ಣ ಬಿಡಲಿಲ್ಲ. ವ್ಯಾಪಾರಿಗಳ ದೋಣಿಯಲ್ಲಿ ಕೂತು, ಅಣ್ಣನಿಗೆ ಹೇಳದೆ ಹೊರಟುಬಿಟ್ಟರು. ಮನೆಯವರ ಮಾತು ಮೀರಿದ್ದು ಅದೇ ಮೊದಲು. ಇದನ್ನು ಬರೆಯುವಾಗ ಆ ತಾಯಿಯ ನೆನಪಾಗಿ ಕೈ ತಡೆಯಿತು, ಆದರೆ ನಡೆದದ್ದನ್ನು ಬಿಡುವಂತಿಲ್ಲ.

ರಾಜಧಾನಿ ಚಾಂಗಾನ್‌ನಲ್ಲಿ, ಅಂದರೆ ಈಗಿನ ಶಿಯಾನ್‌ನಲ್ಲಿ, ದೊಡ್ಡ ದೊಡ್ಡ ಆಚಾರ್ಯರಿದ್ದರು. ಒಬ್ಬೊಬ್ಬರದು ಒಂದೊಂದು ಅರ್ಥ. ಗ್ರಂಥಗಳನ್ನು ತೆರೆದರೆ ಅನುವಾದಕ್ಕೆ ಅನುವಾದ ಹೊಂದುವುದಿಲ್ಲ. ಯಾರು ಸರಿ? ಗುರುಗಳು ಹೇಳಿದ್ದನ್ನು ಒಪ್ಪಿ ಕೂತಿದ್ದರೆ ಗೌರವದಿಂದ ಬದುಕಬಹುದಿತ್ತು, ಆಗಲೇ ಹೆಸರು ಬಂದಿತ್ತು. ಅವರು ಹಾಗೆ ಮಾಡಲಿಲ್ಲ. ಮೂಲ ಗ್ರಂಥ ಎಲ್ಲಿದೆಯೋ ಅಲ್ಲಿಗೇ ಹೋಗಿ, ಮೂಲ ಭಾಷೆಯಲ್ಲೇ ಓದಿ ನೋಡಬೇಕೆಂದು ನಿಶ್ಚಯಿಸಿದರು. ಯಾರೋ ಹೇಳಿದರೆಂದು ನಂಬಬೇಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಕಲಿಸಿದ್ದನ್ನು ಕಾಲಿನಿಂದಲೇ ಪಾಲಿಸಿದವರು ಇವರು.

ಕೆಲವು ಭಿಕ್ಷುಗಳ ಜೊತೆ ಸೇರಿ ಚಕ್ರವರ್ತಿಗೆ ಅರ್ಜಿ ಕೊಟ್ಟರು. ಟಾಂಗ್ ರಾಜವಂಶ ಹೊಸದು, ಗಡಿಯಲ್ಲಿ ತುರ್ಕರ ಭಯ, ಯಾರೂ ದೇಶ ಬಿಟ್ಟು ಹೋಗಬಾರದೆಂಬ ಕಟ್ಟಪ್ಪಣೆ ಇತ್ತು. ಅರ್ಜಿ ತಿರಸ್ಕಾರವಾಯಿತು. ಜೊತೆಗಾರರು ಸುಮ್ಮನಾದರು. ಇವರೊಬ್ಬರು ಆಗಲಿಲ್ಲ. 629ರ ಸುಮಾರಿಗೆ ಮಂಜು ಬಿದ್ದು ಬೆಳೆ ಸುಟ್ಟು, ಜನ ಹೊಟ್ಟೆಪಾಡಿಗೆ ಊರು ಬಿಟ್ಟು ಚದುರುವಾಗ, ಆ ಜನರ ನಡುವೆ ಒಬ್ಬರಾಗಿ ಪಶ್ಚಿಮಕ್ಕೆ ಹೆಜ್ಜೆ ಹಾಕಿದರು. ಮೂವತ್ತು ದಾಟಿರಲಿಲ್ಲ. ಅದಕ್ಕೂ ಮೊದಲು ಪರದೇಶ ಕಂಡವರಲ್ಲ.

ಅವರ ಚಿತ್ರವನ್ನು ನೀವು ನೋಡಿರಬಹುದು. ಬೆನ್ನ ಮೇಲೆ ಬಿದಿರಿನ ಚೌಕಟ್ಟು, ಅದರ ತುಂಬ ಗ್ರಂಥದ ಸುರುಳಿಗಳು, ಮೇಲೆ ಕೊಡೆ. ಅದು ಎಷ್ಟೋ ಕಾಲದ ನಂತರ ಕಲಾವಿದರು ಮೂಡಿಸಿದ ರೂಪ. ಹೋಗುವಾಗ ಆ ಬೆನ್ನಿನಲ್ಲಿ ಗ್ರಂಥಗಳಿರಲಿಲ್ಲ.

ಲಿಯಾಂಗ್‌ಝೌ ಎಂಬ ಗಡಿನಾಡಿನ ಪಟ್ಟಣದಲ್ಲಿ ಸುಳಿವು ಹತ್ತಿತು. ಅಲ್ಲಿಯ ಅಧಿಕಾರಿ ಕರೆಸಿ, ಹಿಂದಕ್ಕೆ ಹೋಗುವಂತೆ ಆಜ್ಞೆ ಮಾಡಿದ. ಆ ಊರಿನ ಹಿರಿಯ ಭಿಕ್ಷು ಹುಯಿವೇ ತಮ್ಮ ಇಬ್ಬರು ಶಿಷ್ಯರನ್ನು ಗುಟ್ಟಾಗಿ ಜೊತೆ ಮಾಡಿ ಕಳಿಸಿದರು. ಹಗಲು ಅಡಗಿ ಕೂರುವುದು, ರಾತ್ರಿ ನಡೆಯುವುದು. ಹೀಗೆ ಗುವಾಝೌ ತಲುಪಿದಾಗ ಕುದುರೆ ಸತ್ತುಹೋಯಿತು. ಅಲ್ಲಿಂದ ಮುಂದಿನ ದಾರಿ ಕೇಳಿದರೆ ಎದೆ ಒಡೆಯುವಂತಿತ್ತು. ಉತ್ತರಕ್ಕೆ ರಭಸದ ಒಂದು ಹೊಳೆ. ಅದರಾಚೆ ಗಡಿಯ ಬಾಗಿಲು. ಬಾಗಿಲಿನಾಚೆ ಒಂದರ ನಂತರ ಒಂದು ಐದು ಕಾವಲು ಗೋಪುರಗಳು. ನೀರಿರುವುದು ಆ ಗೋಪುರಗಳ ಬುಡದಲ್ಲಿ ಮಾತ್ರ. ಐದೂ ದಾಟಿದ ಮೇಲೆ ಮರುಭೂಮಿ.

ಅಷ್ಟರಲ್ಲಿ ಅವರನ್ನು ಹಿಡಿದು ಕಳಿಸಬೇಕೆಂಬ ವಾರಂಟು ಗುವಾಝೌಗೆ ಬಂತು. ಅದು ಲಿ ಚಾಂಗ್ ಎಂಬ ಸ್ಥಳೀಯ ಅಧಿಕಾರಿಯ ಕೈಗೆ ಸಿಕ್ಕಿತು. ಆತ ಧಮ್ಮದಲ್ಲಿ ಶ್ರದ್ಧೆಯಿದ್ದವನು. ವಾರಂಟನ್ನು ತಂದು ಭಿಕ್ಷುವಿನ ಮುಂದಿಟ್ಟು, ಇದು ನೀವೇನಾ ಎಂದು ಕೇಳಿದ. ಇವರು ತಡೆದರು, ಉತ್ತರ ಹೊರಡಲಿಲ್ಲ. ನಿಜ ಹೇಳಿದರೆ ಉಪಾಯ ಹುಡುಕುತ್ತೇನೆಂದು ಆತ ಭರವಸೆ ಕೊಟ್ಟ ಮೇಲೆ ನಿಜ ಹೇಳಿದರು. ಲಿ ಚಾಂಗ್ ಅವರೆದುರೇ ಆ ಕಾಗದವನ್ನು ಹರಿದು ಹಾಕಿ, ಬೇಗ ಹೊರಡಲು ಹೇಳಿದ. ಸರ್ಕಾರಿ ನೌಕರಿಯಲ್ಲಿರುವ ನಮ್ಮ ಬಂಧುಗಳಿಗೆ ಆ ಹರಿದ ಕಾಗದದ ಬೆಲೆ ಗೊತ್ತಿರುತ್ತದೆ.

ಜೊತೆಗಿದ್ದ ಇಬ್ಬರು ಶಿಷ್ಯರಲ್ಲಿ ಒಬ್ಬ ಬೇರೆ ದಾರಿ ಹಿಡಿದಿದ್ದ. ಇನ್ನೊಬ್ಬ ಅಷ್ಟು ದೂರ ತಡೆಯಲಾರನೆಂದು ಇವರೇ ಹಿಂದೆ ಕಳಿಸಿದರು. ಒಂದು ಕುದುರೆ ಕೊಂಡರು, ದಾರಿ ತೋರಿಸುವವರಿಲ್ಲ. ಆಗ ವಿಹಾರಕ್ಕೆ ಮಧ್ಯ ಏಷ್ಯಾದ ಕಡೆಯ ಒಬ್ಬ ತರುಣ ಬಂದ. ಹೆಸರು ಶಿ ಪಾಂತುವೊ. ಭಿಕ್ಷುವಿನ ಸುತ್ತ ಮೂರು ಸುತ್ತು ಬಂದು ನಮಸ್ಕರಿಸಿ, ತನಗೆ ಪಂಚಶೀಲ ಕೊಡಬೇಕೆಂದು ಕೇಳಿಕೊಂಡ. ಕೊಟ್ಟರು. ತುಂಬ ಸಂತೋಷಪಟ್ಟು, ಐದು ಗೋಪುರ ದಾಟಿಸುವ ಹೊಣೆ ತನ್ನದು ಎಂದ. ಮರುದಿನ ಸಂಜೆ ಒಬ್ಬ ಮುದುಕನನ್ನೂ ಅವನ ಬಡಕಲು ಕೆಂಪು ಕುದುರೆಯನ್ನೂ ಕರೆತಂದ. ಹಾಮಿ ಎಂಬ ಮರುಭೂಮಿಯಾಚೆಯ ಊರಿಗೆ ಆ ಕುದುರೆ 15 ಸಲ ಹೋಗಿ ಬಂದಿತ್ತಂತೆ. ಮುದುಕ ಭಿಕ್ಷುವನ್ನು ಹೆದರಿಸಿ ನೋಡಿದ: ಗುಂಪು ಕಟ್ಟಿಕೊಂಡು ಹೋದವರೇ ದಾರಿ ತಪ್ಪಿ ಸಾಯುತ್ತಾರೆ, ಒಂಟಿಯಾಗಿ ಹೇಗೆ ಹೋಗುತ್ತೀರಿ ಎಂದು. ಇವರು ಜಗ್ಗದಿದ್ದಾಗ, ಹಾಗಾದರೆ ನನ್ನ ಕುದುರೆಯನ್ನಾದರೂ ತೆಗೆದುಕೊಂಡು ಹೋಗಿ, ಅದಕ್ಕೆ ದಾರಿ ಗೊತ್ತು ಎಂದ. ತಮ್ಮ ಒಳ್ಳೆಯ ಕುದುರೆ ಕೊಟ್ಟು ಆ ಮುದಿ ಕುದುರೆ ತೆಗೆದುಕೊಂಡರು. ಈ ಕುದುರೆಯನ್ನು ನೆನಪಿನಲ್ಲಿಡಿ.

ರಾತ್ರಿ ಹೊಳೆ ದಾಟಿದರು. ತರುಣನೇ ಮರ ಕಡಿದು ಅಡ್ಡ ಹಾಕಿ, ಮೇಲೆ ಹುಲ್ಲು ಮರಳು ಹರಡಿ ಕುದುರೆಗಳನ್ನು ದಾಟಿಸಿದ. ಆಚೆ ದಡದಲ್ಲಿ ಐವತ್ತು ಹೆಜ್ಜೆ ಅಂತರದಲ್ಲಿ ಇಬ್ಬರೂ ಹಾಸಿಕೊಂಡು ಮಲಗಿದರು. ನಡುರಾತ್ರಿ ಭಿಕ್ಷುವಿಗೆ ಎಚ್ಚರವಾಯಿತು. ತರುಣ ಎದ್ದು, ಕತ್ತಿ ಹಿರಿದು, ಮೆಲ್ಲಗೆ ಇವರ ಕಡೆಗೆ ಬರುತ್ತಿದ್ದ. ಹತ್ತು ಹೆಜ್ಜೆ ಇದೆ ಎನ್ನುವಾಗ ನಿಂತ. ಹಾಗೇ ತಿರುಗಿ ಹೋಗಿ ಮಲಗಿದ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಆ ತರುಣನನ್ನು ದ್ರೋಹಿ ಎಂದು ತಳ್ಳಿಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನ ಸ್ಥಿತಿ ನೋಡಿ. ಈ ಭಿಕ್ಷು ಸಿಕ್ಕಿಬಿದ್ದು ತನ್ನ ಹೆಸರು ಹೇಳಿದರೆ ತನ್ನ ತಲೆ ಹೋಗುತ್ತದೆ, ಹಿಂದೆ ಹೆಂಡತಿ ಮಕ್ಕಳಿದ್ದಾರೆ. ಕೊಂದುಬಿಟ್ಟರೆ ಸಾಕ್ಷಿಯೇ ಇಲ್ಲ. ಮರಳುಗಾಡಿನ ಅಂಚು, ಕತ್ತಲೆ, ಕೇಳುವವರಿಲ್ಲ. ಪ್ರಾಣಿಹಿಂಸೆ ಮಾಡುವುದಿಲ್ಲವೆಂದು ಶೀಲ ತೆಗೆದುಕೊಂಡು ಇನ್ನೂ ಎರಡು ದಿನವಾಗಿಲ್ಲ. ನಲವತ್ತು ಹೆಜ್ಜೆ ನಡೆಯುವಷ್ಟು ಭಯವಿತ್ತು ಅವನಲ್ಲಿ. ಕೊನೆಯ ಹತ್ತು ಹೆಜ್ಜೆಯನ್ನು ಅವನು ನಡೆಯಲಿಲ್ಲ. ಎರಡು ದಿನದ ಶೀಲ ಅಷ್ಟನ್ನು ಮಾಡಿತು ಎಂದು ನಾನು ಓದಿಕೊಳ್ಳುತ್ತೇನೆ. ದೀಕ್ಷೆ ಪಡೆದ ಮರುದಿನವೇ ಜೋಯಿಡಾದ ಯಾವುದೋ ನಾಲ್ಕು ಮನೆಯ ಊರಿಗೆ ಹಿಂತಿರುಗಿ, ಹಳೆಯ ಹಬ್ಬ, ಹಳೆಯ ಹರಕೆ, ಹಳೆಯ ಭಯಗಳ ನಡುವೆ ಒಬ್ಬರೇ ಇರಬೇಕಾದವರಿಗೆ ಈ ಐವತ್ತು ಹೆಜ್ಜೆಯ ಲೆಕ್ಕ ಅರ್ಥವಾಗುತ್ತದೆ. ದೀಕ್ಷಾ ಸಮಾರಂಭದ ಪೆಂಡಾಲಿನಲ್ಲಿ ಸಾವಿರ ಜನರ ಜೊತೆ ಕೈ ಮುಗಿದು ಹೇಳುವಾಗ ಅದು ಗೊತ್ತಾಗುವುದಿಲ್ಲ.

ಬೆಳಗಾಯಿತು. ಭಿಕ್ಷು ರಾತ್ರಿಯ ವಿಷಯ ಎತ್ತಲಿಲ್ಲ. ತರುಣ ಮುಂದೆ ಬರಲಾರೆನೆಂದ. ನೀವು ಸಿಕ್ಕಿಬಿದ್ದರೆ ನನ್ನ ಗತಿಯೇನು ಎಂದು ಕೇಳಿದ. ನನ್ನನ್ನು ಚೂರು ಚೂರು ಮಾಡಿದರೂ ನಿನ್ನ ಹೆಸರು ಹೇಳುವುದಿಲ್ಲ ಎಂದು ಇವರು ಮಾತು ಕೊಟ್ಟರು. ಅವನಿಗೆ ಒಂದು ಕುದುರೆಯನ್ನೂ ಕೊಟ್ಟು, ಕೃತಜ್ಞತೆ ಹೇಳಿ ಕಳಿಸಿದರು.

ಈಗ ನಿಜವಾಗಿ ಒಂಟಿ. ರಸ್ತೆ ಎಂಬುದಿಲ್ಲ, ಎಲುಬಿನ ರಾಶಿ ಮತ್ತು ಕುದುರೆಯ ಲದ್ದಿ ನೋಡಿಕೊಂಡು ನಡೆಯಬೇಕು. ಬಿಸಿಲುಗುದುರೆಯಲ್ಲಿ ಸೈನ್ಯಗಳೇ ಕಾಣುತ್ತಿದ್ದವು, ಹತ್ತಿರ ಹೋದರೆ ಏನೂ ಇಲ್ಲ. ಮೊದಲ ಗೋಪುರದ ಹತ್ತಿರ ಮರಳಿನ ಹಳ್ಳದಲ್ಲಿ ಕತ್ತಲಾಗುವವರೆಗೆ ಅಡಗಿದ್ದು, ನೀರು ತುಂಬಿಕೊಳ್ಳಲು ಹೋದಾಗ ಬಾಣ ಬಂದು ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು. ಮತ್ತೊಂದು ಬಂತು. ತಾನು ರಾಜಧಾನಿಯಿಂದ ಬಂದ ಭಿಕ್ಷು, ಹೊಡೆಯಬೇಡಿ ಎಂದು ಕೂಗಿಕೊಂಡರು. ಗೋಪುರದ ನಾಯಕ ವಾಂಗ್ ಶಿಯಾಂಗ್ ಮೊದಲು ಹಿಂದೆ ಕಳಿಸಲು ನೋಡಿದ. ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಬೇಕಾದರೆ ಇಲ್ಲೇ ಶಿಕ್ಷೆ ಕೊಡಿ ಎಂದು ಇವರು ಕೂತರು. ಆತ ಕರಗಿದ. ಬೆಳಗ್ಗೆ ಊಟ, ನೀರು ಕೊಟ್ಟು, ತಾನೇ ನಾಲ್ಕೈದು ಕಿಲೋಮೀಟರು ಜೊತೆ ನಡೆದು, ನಾಲ್ಕನೆಯ ಗೋಪುರದಲ್ಲಿದ್ದ ತನ್ನ ಸಂಬಂಧಿಕನ ಬಳಿಗೆ ನೇರ ದಾರಿ ತೋರಿಸಿದ. ಆ ಸಂಬಂಧಿಕ ದೊಡ್ಡದೊಂದು ಚರ್ಮದ ನೀರಿನ ಚೀಲ ಕೊಟ್ಟ, ಐದನೆಯ ಗೋಪುರದವರು ಒರಟರು, ಅದನ್ನು ತಪ್ಪಿಸಿ ಹೋಗಿ ಎಂದು ಎಚ್ಚರಿಸಿದ. ದಾರಿಯಲ್ಲಿ ಒಂದು ಬುಗ್ಗೆ ಸಿಗುತ್ತದೆ, ಅಲ್ಲಿ ಮತ್ತೆ ನೀರು ತುಂಬಿಸಿಕೊಳ್ಳಿ ಎಂದ.

ಮುಂದೆ ಗೋಬಿ ಮರುಭೂಮಿ. ಹೆಚ್ಚುಕಡಿಮೆ ಧಾರವಾಡದಿಂದ ಬೆಂಗಳೂರಿಗೆ ಇರುವಷ್ಟು ದೂರ. ಮೇಲೆ ಹಕ್ಕಿಯಿಲ್ಲ, ಕೆಳಗೆ ಪ್ರಾಣಿಯಿಲ್ಲ, ನೀರಿಲ್ಲ, ಹುಲ್ಲಿಲ್ಲ. ಜೊತೆಗೆ ತನ್ನ ನೆರಳೊಂದೇ. ದಾರಿ ತಪ್ಪಿತು, ಹೇಳಿದ್ದ ಬುಗ್ಗೆ ಸಿಗಲಿಲ್ಲ. ಬಾಯಾರಿ, ಆ ಭಾರದ ಚೀಲವನ್ನು ಇಳಿಸಿ ಕುಡಿಯಲು ಹೋದಾಗ ಅದು ಕೈಜಾರಿ ಬಿತ್ತು. ಇಡೀ ದಾರಿಯ ನೀರು ಒಂದೇ ಗಳಿಗೆಯಲ್ಲಿ ಮರಳಿಗೆ ಹೋಯಿತು.

ಅವರು ಹಿಂದಕ್ಕೆ ತಿರುಗಿದರು. ಈ ಮಾತನ್ನು ನಾವು ಮುಚ್ಚಿಡಬಾರದು. ಒಂದು ಹೆಜ್ಜೆಯನ್ನೂ ಹಿಂದೆ ಇಡುವುದಿಲ್ಲ ಎಂದು ಗೋಪುರದಲ್ಲಿ ಹೇಳಿದವರೇ ಕುದುರೆಯ ಮುಖವನ್ನು ಪೂರ್ವಕ್ಕೆ ತಿರುಗಿಸಿ, ನಾಲ್ಕನೆಯ ಗೋಪುರದ ಕಡೆಗೆ ನಾಲ್ಕೈದು ಕಿಲೋಮೀಟರು ವಾಪಸು ನಡೆದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಬುದ್ಧಿವಂತರು ಯಾರಾದರೂ ಮಾಡುವ ಕೆಲಸವದು. ನಡೆಯುತ್ತಾ ನಡೆಯುತ್ತಾ ತಾವು ಮಾಡಿದ್ದ ಸಂಕಲ್ಪ ನೆನಪಾಯಿತು. ಪೂರ್ವಕ್ಕೆ ಮರಳಿ ಬದುಕುವುದಕ್ಕಿಂತ ಪಶ್ಚಿಮಕ್ಕೆ ನಡೆಯುತ್ತಾ ಸಾಯುವುದೇ ಸರಿ ಎನ್ನಿಸಿ, ಮತ್ತೆ ಕುದುರೆಯನ್ನು ತಿರುಗಿಸಿದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ವಾಪಸು ಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ, ಇತಿಹಾಸಕ್ಕೆ ಗೊತ್ತೂ ಆಗುತ್ತಿರಲಿಲ್ಲ.

ನಾಲ್ಕು ರಾತ್ರಿ, ಐದು ಹಗಲು ಒಂದು ಹನಿ ನೀರಿಲ್ಲ. ಕೊನೆಗೆ ಮನುಷ್ಯನೂ ಕುದುರೆಯೂ ಮರಳಿನಲ್ಲಿ ಬಿದ್ದರು. ಐದನೆಯ ರಾತ್ರಿ ತಣ್ಣನೆಯ ಗಾಳಿ ಬೀಸಿತು. ಕಣ್ಣು ತೆರೆಯುವಷ್ಟು ಜೀವ ಬಂತು. ಅವರ ಶಿಷ್ಯ ಹುಯಿಲಿ ಬರೆದ ಜೀವನಚರಿತ್ರೆಯಲ್ಲಿ ಇಲ್ಲಿ ಕನಸು, ದೈತ್ಯ ಪುರುಷ, ಅವಲೋಕಿತೇಶ್ವರನ ಸ್ಮರಣೆ ಎಲ್ಲ ಬರುತ್ತವೆ. ಶಿಷ್ಯರ ಭಕ್ತಿಗೆ ನಮಸ್ಕಾರ, ನಾವು ಅವನ್ನು ಪಕ್ಕಕ್ಕಿಟ್ಟು ಮುಂದೆ ಹೋಗೋಣ. ಅದೇ ಚರಿತ್ರೆಯಲ್ಲಿ ಇನ್ನೊಂದು ಮಾತಿದೆ. ಎದ್ದು ಸ್ವಲ್ಪ ದೂರ ನಡೆದ ಮೇಲೆ ಕುದುರೆ ಇದ್ದಕ್ಕಿದ್ದಂತೆ ಬೇರೆ ದಿಕ್ಕಿಗೆ ತಿರುಗಿತು. ಎಷ್ಟು ಎಳೆದರೂ ಕೇಳಲಿಲ್ಲ. ಎಳೆದುಕೊಂಡು ಹೋಗಿ ಹಸಿರು ಹುಲ್ಲಿನ ಬಯಲಿಗೆ, ತಿಳಿನೀರಿನ ಕೊಳಕ್ಕೆ ಮುಟ್ಟಿಸಿತು. 15 ಸಲ ಆ ದಾರಿ ತುಳಿದ ಬಡಕಲು ಕುದುರೆ. ಹೆಸರಿಲ್ಲದ ಒಬ್ಬ ಮುದುಕನ ಕುದುರೆ.

ಎರಡು ದಿನದ ನಂತರ ಹಾಮಿ. ಅಲ್ಲಿಯ ವಿಹಾರದಲ್ಲಿ ಮೂವರು ಚೀನೀ ಭಿಕ್ಷುಗಳಿದ್ದರು. ಅವರಲ್ಲಿ ಒಬ್ಬ ವೃದ್ಧರು ಸುದ್ದಿ ಕೇಳಿ, ಚೀವರ ಸರಿಯಾಗಿ ಉಟ್ಟುಕೊಳ್ಳದೆ ಬರಿಗಾಲಿನಲ್ಲೇ ಓಡಿ ಬಂದು ತಬ್ಬಿಕೊಂಡು ಅತ್ತರು. ಸಾಯುವ ಮೊದಲು ತನ್ನ ನಾಡಿನ ಮನುಷ್ಯನ ಮುಖ ಕಾಣುತ್ತೇನೆ ಅಂದುಕೊಂಡಿರಲಿಲ್ಲ ಎಂದರು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, 1959ರ ನಂತರ ಹಿಮಾಲಯ ದಾಟಿ ಬಂದು 1966ರಿಂದ ಇಲ್ಲೇ ನೆಲೆಯೂರಿದ ಪೀಳಿಗೆಯ ಹಿರಿಯರನ್ನು ಮಾತಾಡಿಸಿದವರಿಗೆ ಆ ಅಳು ಪರಿಚಿತ.

ಒಂಟಿ ಪ್ರಯಾಣ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಗಾವೊಚಾಂಗ್‌ನ ರಾಜ ಇವರನ್ನು ಎಷ್ಟು ಮೆಚ್ಚಿದನೆಂದರೆ ಬಿಡುವುದಿಲ್ಲವೆಂದು ಹಿಡಿದಿಟ್ಟ. ಊಟ ಬಿಟ್ಟು ಕೂತರು. ನಾಲ್ಕನೆಯ ದಿನ ಉಸಿರು ಕ್ಷೀಣವಾದಾಗ ರಾಜ ಸೋತು, ಕುದುರೆ, ಆಳು, ಚಿನ್ನ, ದಾರಿಯ ರಾಜರಿಗೆಲ್ಲ ಪತ್ರ ಕೊಟ್ಟು ಕಳಿಸಿದ. ಹಿಂತಿರುಗುವಾಗ ಮೂರು ವರ್ಷ ಇಲ್ಲಿರುತ್ತೇನೆಂದು ಇವರು ಮಾತು ಕೊಟ್ಟರು. ಹಿಮದ ಬೆಟ್ಟಗಳು, ಸಮರ್‌ಖಂಡ, ಬಾಮಿಯಾನ್, ಗಾಂಧಾರ, ಎರಡು ವರ್ಷ ಕಾಶ್ಮೀರ, ಆಮೇಲೆ ಮಗಧ. ನಳಂದಾದಲ್ಲಿ ನೂರು ದಾಟಿದ ಶೀಲಭದ್ರರ ಪಾದದಲ್ಲಿ ಕೂತು ಐದು ವರ್ಷ ಓದಿದರು. ಚಾಂಗಾನ್‌ನಲ್ಲಿ ಹುಟ್ಟಿದ ಸಂಶಯಗಳಿಗೆ ಉತ್ತರ ಅಲ್ಲಿ ಸಿಕ್ಕಿತು.

ನಮ್ಮ ಕಡೆಗೂ ಬಂದರು. ಕಂಚಿಯಿಂದ ಉತ್ತರಕ್ಕೆ ನಡೆದು ಕೊಂಕಣಪುರ ಎಂಬ ನಾಡಿಗೆ ಬಂದದ್ದನ್ನು ಬರೆದಿದ್ದಾರೆ. ಅಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳು, ಸುಮಾರು ಹತ್ತು ಸಾವಿರ ಭಿಕ್ಷುಗಳು. ಗಂಧದ ಮರದಲ್ಲಿ ಕಡೆದ ಮೈತ್ರೇಯ ಮೂರ್ತಿ. ರಾಜಧಾನಿಯ ಉತ್ತರಕ್ಕೆ ತಾಳೆಮರದ ದೊಡ್ಡ ತೋಪು, ಬರೆಯುವುದಕ್ಕೆ ಎಲ್ಲ ನಾಡಿನವರೂ ಅದರ ಗರಿಯನ್ನೇ ಬಯಸುತ್ತಿದ್ದರಂತೆ. ಈ ಕೊಂಕಣಪುರ ನಮ್ಮ ಬನವಾಸಿಯೇ ಎಂದು ಕೆಲವು ವಿದ್ವಾಂಸರು, ಆನೆಗೊಂದಿ ಎಂದು ಮತ್ತೊಬ್ಬರು, ಕೊಪ್ಪಳದ ಕಡೆ ಎಂದು ಇನ್ನು ಕೆಲವರು. ವಾದ ಮುಗಿದಿಲ್ಲ. ಬನವಾಸಿ ಆಗಿದ್ದರೆ ಮುಂಡಗೋಡದವರು ಒಂದೇ ದಿನದಲ್ಲಿ ಹೋಗಿ ಬರುವ ದೂರ. ಆಗಿರದಿದ್ದರೂ ಬನವಾಸಿಗೆ ಧಮ್ಮ ಬಂದದ್ದಕ್ಕೆ ಬೇರೆ ಆಧಾರವಿದೆ: ಅಶೋಕನ ಕಾಲದ ಮೂರನೆಯ ಸಂಗೀತಿಯ ನಂತರ ರಕ್ಖಿತ ಥೇರರನ್ನು ವನವಾಸಕ್ಕೆ ಕಳಿಸಿದ್ದನ್ನು ಮಹಾವಂಸ ಹೇಳುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದ ನಮ್ಮ ಹಿರಿಯರು ಆ ತಾಳೆಗರಿಯ ಸುದ್ದಿ ಕೇಳಿ ನಕ್ಕಾರು. ಇಡೀ ನಾಡಿಗೆ ಬರೆಯುವ ಹಾಳೆ ಒದಗಿಸುವುದು ಇಲ್ಲಿಯವರಿಗೆ ಹೊಸ ಕೆಲಸವೇನಲ್ಲ ಅನ್ನಬಹುದು.

ಆದರೆ ನಮಗೆ ಬಹಳ ಮುಖ್ಯವಾದದ್ದು ಅವರ ಬರಹದಲ್ಲಿ ಬೇರೊಂದು ಕಡೆ ಇದೆ. ಭಾರತದ ಊರು ಮನೆಗಳನ್ನು ವರ್ಣಿಸುತ್ತಾ, ಕಟುಕರು, ಮೀನುಗಾರರು, ಕುಣಿಯುವವರು, ಗಲ್ಲಿಗೇರಿಸುವವರು, ಹೊಲಸು ತೆಗೆಯುವವರು ಊರ ಹೊರಗೆ ಇರಬೇಕು, ಬಂದು ಹೋಗುವಾಗ ದಾರಿಯ ಎಡ ಮಗ್ಗುಲಿಗೆ ಸರಿದು ನಡೆಯಬೇಕು ಎಂದು ಅವರು ದಾಖಲಿಸಿದರು. ಖಂಡಿಸಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸಿನವರು ಇಲ್ಲಿ ಇನ್ನೊಂದು ವಾಕ್ಯ ಬರೆಯಬಾರದಿತ್ತೇ ಎಂದು ನನಗೆ ಪ್ರತಿ ಸಲ ನೋವಾಗುತ್ತದೆ. ಭಾರತದಲ್ಲಿ ಅವರ ಕಾಲ ಕಳೆದದ್ದು ಹೆಚ್ಚಾಗಿ ವಿಹಾರಗಳಲ್ಲಿ, ರಾಜರ ಸಭೆಗಳಲ್ಲಿ. ಆದರೂ ಕಂಡದ್ದನ್ನು ಬಿಡದೆ ಬರೆದರು. ಸುಮಾರು 1,300 ವರ್ಷಗಳ ನಂತರ, 1948ರಲ್ಲಿ, ಬಾಬಾಸಾಹೇಬರು ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಎಂಬ ಗ್ರಂಥ ಬರೆಯುವಾಗ ಇದೇ ಸಾಲುಗಳನ್ನು ಸಾಕ್ಷಿಯ ಕಟಕಟೆಗೆ ಕರೆದರು. ಫಾಹಿಯಾನ್ ಹೇಳಿದ್ದು ಚಾಂಡಾಲರ ಬಗ್ಗೆ ಮಾತ್ರ. ಇವರು ಚಾಂಡಾಲರಲ್ಲದ ಬೇರೆ ಸಮುದಾಯಗಳನ್ನೂ ಹೇಳುತ್ತಾರೆ. ಈ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ತೂಗಿ, ಬೇರೆ ಆಧಾರಗಳನ್ನೂ ಸೇರಿಸಿ, ಅಸ್ಪೃಶ್ಯತೆ ಅನಾದಿಯಲ್ಲ, ಅದು ಕ್ರಿ.ಶ. 400ರ ಸುಮಾರಿಗೆ ಹುಟ್ಟಿದ್ದು ಎಂಬ ತೀರ್ಮಾನಕ್ಕೆ ಬಂದರು. ಹುಟ್ಟಿದ ದಿನವಿರುವುದಕ್ಕೆ ಸಾಯುವ ದಿನವೂ ಇರುತ್ತದಲ್ಲ. ಗೋಬಿಯಲ್ಲಿ ಆ ಭಿಕ್ಷು ಪೂರ್ವಕ್ಕೇ ನಡೆದಿದ್ದರೆ ಬಾಬಾಸಾಹೇಬರ ಕೈಯಲ್ಲಿ ಈ ಸಾಕ್ಷಿ ಇರುತ್ತಿರಲಿಲ್ಲ.

ಹಿಂತಿರುಗುವಾಗ ಸಿಂಧೂ ನದಿಯಲ್ಲಿ ದೋಣಿ ಅಲುಗಾಡಿ 50 ಹಸ್ತಪ್ರತಿಗಳು ನೀರುಪಾಲಾದವು. ಗಾವೊಚಾಂಗ್‌ನ ರಾಜನಿಗೆ ಕೊಟ್ಟ ಮಾತು ಉಳಿಯಲಿಲ್ಲ. 640ರಲ್ಲಿ ಟಾಂಗ್ ಸೈನ್ಯವೇ ಆ ರಾಜ್ಯವನ್ನು ನುಂಗಿತ್ತು, ರಾಜ ತೀರಿಕೊಂಡಿದ್ದ. ಖೋಟಾನ್ ಎಂಬಲ್ಲಿ ನಿಂತು ಚಕ್ರವರ್ತಿಗೆ ಪತ್ರ ಬರೆದು, ಅಪ್ಪಣೆಯಿಲ್ಲದೆ ದೇಶ ಬಿಟ್ಟ ತಪ್ಪನ್ನು ತಾವೇ ಒಪ್ಪಿಕೊಂಡರು. ಚಕ್ರವರ್ತಿ ಸ್ವಾಗತಿಸಿದ. 645ರಲ್ಲಿ 657 ಗ್ರಂಥಗಳನ್ನು 20 ಕುದುರೆಗಳ ಮೇಲೆ ಹೇರಿಕೊಂಡು ರಾಜಧಾನಿಗೆ ಬಂದಾಗ ನೋಡಲು ಜನ ಕಿಕ್ಕಿರಿದಿದ್ದರು. ಮಂತ್ರಿ ಪದವಿ ಕೊಡುತ್ತೇನೆಂದರೂ ಒಲ್ಲೆ ಎಂದು, 664ರಲ್ಲಿ ಕಣ್ಣು ಮುಚ್ಚುವವರೆಗೂ 19 ವರ್ಷ ಅನುವಾದವೇ ಕೆಲಸ. 75 ಗ್ರಂಥಗಳು, 1,335 ಸಂಪುಟಿಗಳು. ಇಲ್ಲಿ ಮೂಲ ಸುಟ್ಟುಹೋದ ಎಷ್ಟೋ ಗ್ರಂಥಗಳು ಅಲ್ಲಿ ಆ ಅನುವಾದದಲ್ಲಿ ಉಳಿದಿವೆ.

ಒಂದು ವಿಷಯ ಹೇಳುವುದು ಉಳಿಯಿತು. ಚಕ್ರವರ್ತಿಯ ಅಪೇಕ್ಷೆಯಂತೆ 646ರಲ್ಲಿ ಅವರು ತಮ್ಮ ಯಾತ್ರೆಯ ದೊಡ್ಡ ವರದಿ ಒಪ್ಪಿಸಿದರು. 138 ನಾಡುಗಳ ವಿವರ ಅದರಲ್ಲಿದೆ. ಆದರೆ ಅದು ಆರಂಭವಾಗುವುದು ಗಾವೊಚಾಂಗ್ ದಾಟಿದ ಮೇಲಿನ ನಾಡಿನಿಂದ. ಗುವಾಝೌ ಇಲ್ಲ, ವಾರಂಟು ಇಲ್ಲ, ಗೋಪುರಗಳಿಲ್ಲ. ಲಿ ಚಾಂಗ್ ಇಲ್ಲ, ವಾಂಗ್ ಶಿಯಾಂಗ್ ಇಲ್ಲ. ಕತ್ತಿ ಹಿಡಿದು ಬಂದು ಹತ್ತು ಹೆಜ್ಜೆಯಲ್ಲಿ ನಿಂತ ಆ ತರುಣನೂ ಇಲ್ಲ. ಅದು ಪರದೇಶಗಳ ವರದಿ, ಸ್ವದೇಶದ ದಾರಿ ಅದರಲ್ಲಿ ಬೇಕಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನನಗೆ ಕಾಣುವುದು ಬೇರೆ. ಅವರೆಲ್ಲ ತನಗಾಗಿ ಕಾನೂನು ಮುರಿದವರು. ಆ ವರದಿ ಹೋಗುವುದು ಆ ಕಾನೂನಿನ ಒಡೆಯನ ಕೈಗೆ. ಹೊಳೆಯ ದಡದಲ್ಲಿ ಕೊಟ್ಟ ಮಾತನ್ನು 17 ವರ್ಷದ ನಂತರವೂ ಅವರು ಉಳಿಸಿಕೊಂಡರು. ಆ ಹೆಸರುಗಳು ನಮಗೆ ಸಿಕ್ಕಿದ್ದು ಹುಯಿಲಿ ಬರೆದ ಚರಿತ್ರೆಯಿಂದ. ಅದು ಪೂರ್ತಿಯಾದದ್ದು 688ರಲ್ಲಿ, ಗುರುಗಳು ತೀರಿಕೊಂಡು 24 ವರ್ಷಗಳಾದ ಮೇಲೆ.

ತಂಗಿ ಹೊರಡುವ ಮುಂಚಿನ ರವಿವಾರ ದಾಂಡೇಲಿಯಲ್ಲಿ ಸೇರೋಣ. ಬಾಬಾಸಾಹೇಬರ ಗ್ರಂಥದಲ್ಲಿ ಈ ಇಬ್ಬರು ಚೀನೀ ಯಾತ್ರಿಕರ ಮಾತು ಬರುವ ಅಧ್ಯಾಯವನ್ನು ಅವಳೇ ಓದಿ ಹೇಳುತ್ತಾಳೆ. ತಾಯಿಯೂ ಬರುತ್ತಾರೆ. ಶ್ರೀಲಂಕೆಯ ವಿಹಾರಗಳ ವಿಳಾಸ, ಫೋನ್ ನಂಬರು ಯಾರ ಹತ್ತಿರವಾದರೂ ಇದ್ದರೆ ಬರೆದು ತನ್ನಿ. ಜೋಯಿಡಾ ಕಡೆಯವರಿಗೆ ಬಸ್ಸಿನ ತೊಂದರೆಯಿರುವುದರಿಂದ ಬುದ್ಧವಂದನೆಯನ್ನು 11 ಗಂಟೆಗೆ ಇಟ್ಟುಕೊಂಡಿದ್ದೇವೆ.

ಭವತು ಸಬ್ಬ ಮಂಗಲಂ. ಜೈ ಭೀಮ್.